ತಾನು ಹಾಸದ ಹಾಸಿಗೆ

ನಮ್ಮತ್ತೆಯ ತಲೆ ಕೆಟ್ಟಿದೆ ಅಂತ ನನಗೆ ಖಾತ್ರಿಯಾಗಿದ್ದು ಅವರು ನಿವೃತ್ತರಾದ ವಾರದಲ್ಲಿ. ಅದಕ್ಕೂ ಮುಂಚೆ ಬರೀ ಅನುಮಾನವಿತ್ತು.

ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಅವರ ಕೆಲಸ. ವಾರ್ಡುಗಳಿಂದ ಬಂದ ಬೆಡ್‌ಶೀಟುಗಳನ್ನು ಕುದಿಸಿ, ಒಗೆದು, ಇಸ್ತ್ರಿ ಮಾಡಿ ಕಳಿಸಬೇಕು. ಸೋಡಾ ನೀರಿಗೆ ಬೆರಳೆಲ್ಲ ಸುಕ್ಕುಗಟ್ಟಿದ್ದವು. ಆದರೂ ಸಂಬಳದ ದಿನ ಬಂತೆಂದರೆ ಅತ್ತೆ ಮಹಾರಾಣಿ! ಒಮ್ಮೆ ಬಣ್ಣದ ಗಾಜಿನ ಲೋಟ ತರೋರು, ಇನ್ನೊಮ್ಮೆ ಬಾಡಿಗೆ ಕಾರು ಮಾಡಿ ಸುಮ್ಮನೆ ಊರು ಸುತ್ತೋರು. "ಅತ್ತೆ, ದುಡ್ಡೇನು ಮರದಲ್ಲಿ ಬಿಡುತ್ತಾ?" ಅಂದರೆ, "ಬಿಟ್ಟಿದ್ರೂ ನೀನು ಕೀಳೋಕೆ ಬಿಡ್ತಿರಲಿಲ್ಲ ಬಿಡಮ್ಮ" ಅಂತ ನಗೋರು.

ನಾನೋ, ಕಾಸಿಗೆ ಕಾಸು ಗಂಟು ಹಾಕೋಳು. ಬೇಕರಿಯಲ್ಲಿ ದಿನವಿಡೀ ನಿಂತು ಮಾರುತ್ತೇನೆ, ಒಂದು ಬನ್ನು ಕೊಂಡು ತಿಂದವಳಲ್ಲ. ಎಲ್ಲ ಒಂದು ಸ್ವಂತ ಮನೆಗಾಗಿ. ಬಾಡಿಗೆಯ ಎರಡು ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು, ಅಡುಗೆಮನೆಗೇ ಎರಡು ಕಿಟಕಿ! ಶನಿವಾರ ಬೆಳಗ್ಗೆ ಮುಂಗಡ ಕೊಟ್ಟರೆ ನಿಮ್ಮದು, ಇಲ್ಲದಿದ್ದರೆ ಬೇರೆಯವರು ಕಾಯ್ತಿದ್ದಾರೆ ಅಂದಿದ್ದ ಮಾಲೀಕ. ನಾನು ಉಳಿಸಿದ್ದಕ್ಕೆ ಅತ್ತೆಯ ನಿವೃತ್ತಿ ಹಣ ಸೇರಿದರೆ ಸರಿಹೋಗುತ್ತಿತ್ತು.

ಕೇಳಿದೆ. "ತಗೋ ಕಣಮ್ಮ, ಎಲ್ಲ ನಿನಗೇ. ನನ್ನದೊಂದು ಸಣ್ಣ ಆಸೆ ಇದೆ, ಅದೊಂದು ಬಿಟ್ಟು" ಅಂದರು. ಹೊಸ ಚಪ್ಪಲಿ ಇರಬೇಕು ಅಂದುಕೊಂಡು ಹೂಂ ಅಂದೆ.

ಶುಕ್ರವಾರ ಸಂಜೆ, ಗೆಳತಿಯರ ಜೊತೆ ಉಳ್ಕೋತೀನಿ ಅಂತ ಹೊರಟರು. ಮಾರನೆಯ ಬೆಳಗ್ಗೆ ನಮ್ಮವರು ಅತ್ತೆ ಕೊಟ್ಟುಹೋದ ಹಣ ಮುಂದಿಟ್ಟು ತಲೆ ಕೆರೆದುಕೊಂಡರು. ಕಡಿಮೆ ಬಿದ್ದಿತ್ತು. ಅಮ್ಮ ಲಾಂಡ್ರಿಯವರನ್ನೆಲ್ಲ ಕಟ್ಟಿಕೊಂಡು ನದಿ ಪಕ್ಕದ ದೊಡ್ಡ ಹೋಟೆಲಿನಲ್ಲಿ ಮಲಗೋಕೆ ಹೋಗಿದ್ದಾರೆ ಅಂದರು. ಆ ಹೋಟೆಲೋ! ಅದರ ಬಾಗಿಲು ಕಾಯುವವನ ಕೋಟು ನಮ್ಮವರ ಮದುವೆ ಕೋಟಿಗಿಂತ ಚೆನ್ನಾಗಿದೆ.

ಮೈಯೆಲ್ಲ ಉರಿದುಹೋಯಿತು. ಅರ್ಧ ದುಡ್ಡಾದರೂ ವಾಪಸ್ ಸಿಕ್ಕೀತು ಅಂತ ಓಡಿದೆ. "ಮಲಗಿ ಎದ್ದ ಮೇಲೆ ವಾಪಸ್ ಹೇಗೆ ಮೇಡಂ?" ಅಂದಳು ಕೌಂಟರಿನ ಹುಡುಗಿ. ಅದೂ ನಿಜ ತಾನೆ. ಬೈಯೋಣವೆಂದಾದರೂ ಮಹಡಿ ಹತ್ತಿದೆ.

ಮೇಲೆ ನೋಡಿದರೆ ಬಾಗಿಲುಗಳ ಮುಂದೆ ಬಿಳಿ ಗಂಟುಗಳು. ಹೋಟೆಲಿನ ಕೆಲಸದಾಕೆ ಬಾಯಿ ಮೇಲೆ ಕೈ ಇಟ್ಟು ನಿಂತಿದ್ದಳು. ನಮ್ಮ ಪುಣ್ಯಾತ್ಗಿತ್ತಿಯರು ಬೆಳಕು ಹರಿಯುತ್ತಲೇ ಎದ್ದು, ಕೈ ಸುಮ್ಮನಿರದೆ, ಹಾಸಿಗೆಗಳ ಬೆಡ್‌ಶೀಟು ಎಳೆದು, ದಿಂಬಿನ ಕವರು ಕಳಚಿ, ಆಸ್ಪತ್ರೆಯಲ್ಲಿ ಕಟ್ಟುವ ಹಾಗೇ ಗಂಟು ಕಟ್ಟಿ ಹೊರಗಿಟ್ಟಿದ್ದರು!

ಒಳಗೆ ಅದನ್ನೇ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಬೈಯಲೆಂದೇ ಒಳಗೆ ನುಗ್ಗಿದೆ. ಅಬ್ಬಾ, ಆ ಮುಖಗಳ ಕಳೆಯೇ! ಬಸ್ ಸ್ಟಾಪಿನಲ್ಲಿ ದಿನಾ ನಿಂತೇ ತೂಕಡಿಸುವ ಹೆಂಗಸರು ಇವರೇನಾ? ಒಂದೇ ಕೋಣೆಯಲ್ಲಿ ಅಷ್ಟು ಸಂತೋಷವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಆ ಮನೆ, ಅತ್ತೆ..." ಅಂದೆ.

"ಗೊತ್ತಿದ್ದೇ ಮಾಡಿದೆ, ಬೈಯಮ್ಮ" ಅಂದರು. "ಬದುಕೆಲ್ಲ ಬೇರೆಯವರು ಮಲಗಿದ್ದನ್ನ ಒಗೆದ್ವಿ. ಬೇರೆ ಯಾರೋ ಒಗೆದು ಹಾಸಿದ್ದರಲ್ಲಿ ಒಂದು ರಾತ್ರಿ ಮಲಗಬೇಕಿತ್ತು."

ಕಿಟಕಿ ಪಕ್ಕದ ಹಾಸಿಗೆಯನ್ನು ಯಾರೂ ಮುಟ್ಟಿರಲಿಲ್ಲ. "ಅದು ನಿನ್ನದು. ಕರೆದರೆ ಬರ್ತಿರಲಿಲ್ಲ. ಸಿಟ್ಟು ಬಂದರೆ ಓಡಿ ಬರ್ತೀಯ ಅಂತ ಗೊತ್ತಿತ್ತು. ಮಧ್ಯಾಹ್ನದ ತನಕ ಕೋಣೆ ನಮ್ಮದೇ, ಮಲಗು."

"ನನಗೆ ಎಲ್ಲಿಯ ನಿದ್ದೆ?" ಅಂತ ಸಿಡುಕಿದೆ. ಅವರ ಬಾಯಿ ಮುಚ್ಚಿಸೋಕೆ ಚಪ್ಪಲಿ ಬಿಟ್ಟು ಅಡ್ಡಾದೆ. ಬೆಡ್‌ಶೀಟು ತಣ್ಣಗೆ, ಗರಿಗರಿಯಾಗಿತ್ತು. ಅಷ್ಟೇ ನೆನಪು.

ಮನೆ ಬೇರೆಯವರ ಪಾಲಾಯಿತು ಅಂತ ಹೇಳಲು ನಮ್ಮವರು ಫೋನ್ ಮಾಡಿದರಂತೆ. ಅತ್ತೆ ನನ್ನ ಫೋನೆತ್ತಿ ಪಿಸುಗುಟ್ಟಿದರಂತೆ: "ಆಮೇಲೆ ಮಾಡಪ್ಪ. ನಮ್ಮ ಮನೆಗೆ ಬಂದಮೇಲೆ ಹುಡುಗಿ ಇವತ್ತೇ ನಿದ್ದೆ ಮಾಡ್ತಿರೋದು."