ಎಮಿಲಿ ಕ್ರಾಸ್ತಾಳ ಹಾಜರಿ

ಲಂಡನ್ನಿನ ಗ್ರೀನ್‌ಫರ್ಡಿನ ಎಮಿಲಿ ಕ್ರಾಸ್ತಾ ಕೈರೊಪ್ರಾಕ್ಟರ್. ಹೆಸರು ಕೇಳಿ ಹೆದರಬೇಡಿ. ಬೆನ್ನು, ಕತ್ತು ಹಿಡಿದುಕೊಂಡು ಬಂದವರನ್ನು ಮೇಜಿನ ಮೇಲೆ ಮಲಗಿಸಿ, ಬರಿಗೈಯಲ್ಲೇ ಸರಿಮಾಡುವ ಕೆಲಸ. ಉಡುಪಿ ಕಡೆಯ ಶಿರ್ವದಿಂದ ಮದುವೆಯಾಗಿ ಬಂದವಳು ತೊಂಬತ್ತರ ದಶಕದಲ್ಲಿ ಇಲ್ಲೇ ಓದಿದಳು. ಗಂಡ ಜೋಯ್ಸನ್ ಗೋದಾಮಿನಲ್ಲಿ ದುಡಿದು ಓದಿಸಿದ. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ ಆಯಿತು. ಬಸ್ ಡ್ರೈವರುಗಳು, ಪೆಟ್ಟಿಗೆ ಎತ್ತಿ ಸೊಂಟ ಕಳಕೊಂಡವರು, ಕ್ವೀನ್ಸ್‌ಬರಿಯ ಅಂಗಡಿಯವರು, ಎಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ವಯಸ್ಸು ನಲವತ್ತರ ಹತ್ತಿರ ಬರುವಾಗ ಕಿವಿ ಕೈಕೊಟ್ಟಿತು. ಮೆಷಿನ್ ಹಾಕಿಸಿಕೊಂಡಳು. ಒಬ್ಬರೇ ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಎಲ್ಲ ಹಿಡಿಯುತ್ತಿದ್ದಳು, ಹಾಗಾಗಿ ರೋಗಿಗಳ ಜೊತೆ ತೊಂದರೆಯಾಗಲಿಲ್ಲ. ದೊಡ್ಡ ಸಭೆಯಲ್ಲಿ ಮಾತ್ರ ಆ ಮೆಷಿನ್ ಕೊಡುತ್ತಿದ್ದದ್ದು ಬರೀ ಗದ್ದಲ.

ಈ ಕಸುಬಿನವರು ವರ್ಷವರ್ಷವೂ ಇಷ್ಟು ಗಂಟೆ ಹೊಸದಾಗಿ ಕಲಿತೆವೆಂದು ತಮ್ಮ ಸಂಘಕ್ಕೆ ತೋರಿಸಬೇಕು. ಇಲ್ಲವೋ, ಸದಸ್ಯತ್ವ ಹೋಯಿತು, ಜೊತೆಗೆ ವಿಮೆ ಹೋಯಿತು, ಕ್ಲಿನಿಕ್ಕಿಗೆ ಬೀಗ! ಎರಡು ಸಾವಿರದ ಐದರಲ್ಲಿ ಎಮಿಲಿ ಇಂಟರ್ನೆಟ್ಟಿನಲ್ಲಿ ಒಂದು ಕೋರ್ಸಿಗೆ ಸೇರಿದಳು. ಪಾಠವೆಲ್ಲ ಅಕ್ಷರದಲ್ಲಿ, ಚಿತ್ರದಲ್ಲಿ. ತಿಳಿಯದಿದ್ದರೆ ಮತ್ತೆ ಓದಬಹುದು. ಯಾರ ಕತ್ತು ಮುಟ್ಟಲೇಬಾರದು, ಯಾರನ್ನು ನೆಟ್ಟಗೆ ಆಸ್ಪತ್ರೆಗೆ ಕಳಿಸಬೇಕು, ಎಲ್ಲ ಕಲಿತು ಪರೀಕ್ಷೆಯನ್ನೂ ಪಾಸು ಮಾಡಿದಳು. ಅದು ಕೆಲಸಕ್ಕೂ ಬಂತು. ಕತ್ತುನೋವೆಂದು ಬಂದ ಡ್ರೈವರೊಬ್ಬನನ್ನು ಮುಟ್ಟದೆ ಆಸ್ಪತ್ರೆಗೆ ಅಟ್ಟಿದಳು. ಕತ್ತಿನ ರಕ್ತನಾಳ ಹರಿದಿತ್ತಂತೆ, ಅವನು ಬದುಕಿಕೊಂಡ.

ಸಂಘ ಏನೆಂದಿತು ಗೊತ್ತೇ? ಆನ್‌ಲೈನ್ ಗಂಟೆಗಳು ಲೆಕ್ಕಕ್ಕಿಲ್ಲ, ಇದು ಕೈಯ ಕಸುಬು, ಖುದ್ದಾಗಿ ಬರಬೇಕು. ಕಿವಿಯ ವಿಷಯ ಬರೆದಳು. ನಿಯಮ ಎಲ್ಲರಿಗೂ ಒಂದೇ ಎಂದರು.

"ಹೋಗಿ ಕೂತು ಬಾ ಮಾರಾಯ್ತಿ, ಒಂದು ದಿನದ ಮಾತಲ್ವಾ?" ಅಂದ ಜೋಯ್ಸನ್.

"ಎಂತ ಕೂತು ಬರುವುದು? ನಾನೆಂತ ಕಂಬವಾ?"

ಆದರೂ ಹೋದಳು. ಕ್ಯಾನರಿ ವಾರ್ಫಿನ ಹೋಟೆಲೊಂದರ ಸಭಾಂಗಣ. ಕೈಯ ಕಸುಬಂತೆ! ಮಲಗಿಸಿ ತೋರಿಸಲು ಅಲ್ಲೊಂದು ಮೇಜಿಲ್ಲ, ಯಾರ ಕೈಯೂ ಯಾರ ಬೆನ್ನನ್ನೂ ಮುಟ್ಟಲಿಲ್ಲ. ಪರದೆಯ ಮೇಲೆ ಸ್ಲೈಡ್ ಬಿಡಲು ದೀಪ ಆರಿಸಿದರು, ಭಾಷಣಕಾರನ ತುಟಿ ಕತ್ತಲಲ್ಲಿ ಹೋಯಿತು. ಪಕ್ಕದವನು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಮುಂದಿನವನು ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಇವರೆಲ್ಲ ಕಲಿಯುವವರು, ಮನೆಯಲ್ಲಿ ಕೂತು ಕಣ್ಣು ನೋಯುವಷ್ಟು ಓದಿದ ಎಮಿಲಿ ಕಲಿಯದವಳು! ಹೇಳಿ, ಯಾರ ಹೊಟ್ಟೆ ಉರಿಯುವುದಿಲ್ಲ?

ಅವಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಪಟ್ಟಂತ ದೀಪ ಹಾಕಿದಳು. ಸಂಘದ ಅಧಿಕಾರಿ ರೋಬರ್ಟ್ ಓಡಿ ಬಂದ.

"ಮೇಡಂ, ಸ್ಲೈಡ್ ಕಾಣುವುದಿಲ್ಲ."

"ನನಗೆ ಅವರ ಬಾಯಿ ಕಾಣುವುದಿಲ್ಲ! ಕಿವಿ ಕೇಳಿಸದೆಂದು ಬರೆದಿದ್ದೆನಲ್ಲ? ಬೆಳಿಗ್ಗೆಯಿಂದ ಒಂದು ಮಾತೂ ತಿಳಿದಿಲ್ಲ. ಮನೆಯಲ್ಲಿ ಕಲಿತದ್ದನ್ನು ಈಗಲೇ ಕೇಳಿ, ಹೇಳುತ್ತೇನೆ. ಇಲ್ಲಿ ಏನು ಕಲಿತೆ ಅಂತ ಕೇಳಿದರೆ ನಾನೇನು ಹೇಳಲಿ?"

ರೋಬರ್ಟ್ ಕೆಟ್ಟವನಲ್ಲ. ಅವಳ ಎದುರಿಗೇ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ: "ಚಿಂತೆ ಮಾಡಬೇಡಿ. ಅದನ್ನು ಯಾರೂ ಕೇಳುವುದಿಲ್ಲ. ನೀವು ಬಂದಿದ್ದೀರಿ, ಅಷ್ಟು ಸಾಕು."

ಆ ಮಾತು ಅವಳಿಗೆ ಪೂರ್ತಿ ತಿಳಿಯಿತು. ಬ್ಯಾಗ್ ಎತ್ತಿಕೊಂಡು ಹೊರಟುಬಿಡೋಣ ಎನಿಸಿತು. ಆದರೆ ಸೋಮವಾರ ಬೆಳಿಗ್ಗೆ ರೋಗಿಗಳು ಬಾಗಿಲಿಗೆ ಬರುತ್ತಾರೆ. ತಿರುಗಿ ಹೋಗಿ ಕುರ್ಚಿಯಲ್ಲಿ ಕೂತಳು. ದೀಪ ಆರಿತು.

ಸಂಜೆ ರೋಬರ್ಟ್ ನಗುತ್ತಾ ಕೈಕುಲುಕಿ ಸರ್ಟಿಫಿಕೇಟ್ ಕೊಟ್ಟ. ಇಡೀ ದಿನದ ಕಲಿಕೆ ಲೆಕ್ಕಕ್ಕೆ ಬಂದಿತ್ತು. ಎಮಿಲಿ "ಥ್ಯಾಂಕ್ಯೂ" ಅಂದಳು. ತನ್ನ ಬಾಯಿಂದ ಆ ಮಾತು ಹೊರಟಿತಲ್ಲ ಎಂಬ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.