ರೈಲು ತಡವಾದರೆ ಹೊಟ್ಟೆನೋವು

ಕಳೆದ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ನಾನು ಒಂದು ಹೈಸ್ಕೂಲಿನ ವರಾಂಡದಲ್ಲಿ ಹತ್ತು ಹನ್ನೆರಡು ಮಕ್ಕಳ ಜೊತೆ ಸಾಲಿನಲ್ಲಿ ನಿಂತಿದ್ದೆ. ಶಾಲೆ ಬಿಟ್ಟು ಮೂವತ್ತು ವರ್ಷವಾದರೂ ಹೆಡ್‌ಮಾಸ್ತರರ ಕೋಣೆ ಕಂಡರೆ ಈಗಲೂ ಕೈಕಟ್ಟಿ ನಿಲ್ಲುತ್ತೇನೆ, ನೋಡಿ.

ತಂಗಿಯ ಮಗಳು ಭಾಗ್ಯಶ್ರೀ ಇಲ್ಲಿ ಹತ್ತನೇ ಕ್ಲಾಸು. ನಾಲವಾರದಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಕ್ಕೆ ಬರುತ್ತಾಳೆ. ಹಿಂದಿನ ಸಂಜೆ ಫೋನ್ ಮಾಡಿದ್ದಳು. "ಮಾಮಾ, ನಾಳಿ ಪಾಲಕರನ್ನ ಕರ್ಕೊಂಡು ಬಾ ಅಂದಾರ. ಅಪ್ಪಗ ರಜಾ ಸಿಗೂದಿಲ್ಲ. ನೀನೇ ಬಾ." (ಶಾಲೆ ಯಾವುದೆಂದು ಕೇಳಬೇಡಿ. ಸೇಡಂನಲ್ಲಿ ಓದಿದವರೂ, ಚಿಂಚೋಳಿಯಲ್ಲಿ ಓದಿದವರೂ ಇದು ನಮ್ಮೂರಿನದೇ ಅನ್ನುತ್ತೀರಿ.)

ಆಕೆಯ ಅಪರಾಧ? ಲೇಟು. ಗೂಡ್ಸ್ ಗಾಡಿಗೆ ದಾರಿ ಬಿಡಲು ಪ್ಯಾಸೆಂಜರನ್ನು ವಾಡಿಯಲ್ಲಿ ನಿಲ್ಲಿಸಿದರೆ ಹುಡುಗಿ ಏನು ಮಾಡಬೇಕು? ಇಳಿದು ತಳ್ಳಬೇಕೆ?

ಈ ಶಾಲೆಗೊಂದು ಕಾಯ್ದೆ ಇದೆ. ತಡವಾಗಿ ಬಂದವರು ಚೀಟಿಯಲ್ಲಿ ಕಾರಣ ಬರೆದು ಹೆಡ್‌ಮಾಸ್ತರರ ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ ಕ್ಲಾಸಿಗೆ ಬಿಡುವುದಿಲ್ಲ, ಹಾಜರಿಯೂ ಇಲ್ಲ. ಒಳ್ಳೆಯ ಕಾಯ್ದೆಯೇ ಇರಲಿ. ಆದರೆ ಸಹಿ ಹಾಕುವವರೆಲ್ಲಿ?

"ಸಾಹೇಬ್ರು ಇನ್ನಾ ಬಂದಿಲ್ರಿ, ಕುಂದ್ರಿ," ಅಂದ ಜವಾನ.

ವರಾಂಡದಲ್ಲಿ ಹಾದು ಹೊರಟಿದ್ದ ಗಣಿತದ ಮೇಡಂ ಅವರನ್ನು ಕೇಳಿದೆ, ನೀವಾದರೂ ಸಹಿ ಹಾಕಬಾರದೆ? "ನಮಗ ಆ ಅಧಿಕಾರ ಇಲ್ರಿ. ಹಾಕಿದ್ರ ನಮಗೇ ಮೆಮೊ ಕೊಡ್ತಾರ." ಅವರ ಪೀರಿಯಡ್ ಶುರುವಾಗಿ ಹತ್ತು ನಿಮಿಷವಾಗಿತ್ತು. ಅವರಿಗೂ ಅವಸರವಿರಲಿಲ್ಲ. ಯಾಕಿರಬೇಕು? ಕೇಳುವವರೇ ಇನ್ನೂ ಬಂದಿಲ್ಲವಲ್ಲ.

ಹೊತ್ತು ಹೋಗದೆ ಮಕ್ಕಳ ಚೀಟಿಗಳನ್ನು ಇಣುಕಿದೆ. ಒಬ್ಬನಿಗೆ ಜ್ವರ. ಇಬ್ಬರಿಗೆ ಹೊಟ್ಟೆನೋವು. ಇನ್ನೊಬ್ಬನ ಅಜ್ಜಿ ತೀರಿಕೊಂಡಿದ್ದಾರೆ. ಭಾಗ್ಯಳನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದಾಗ ಎಲ್ಲರೂ ಒಂದೇ ಗಾಡಿಯಿಂದ ಇಳಿದದ್ದನ್ನು ನಾನೇ ಕಂಡಿದ್ದೆ. ಭಾಗ್ಯಳ ಚೀಟಿಯಲ್ಲಿ ಮಾತ್ರ "ರೈಲು ತಡ" ಎಂದಿತ್ತು.

"ಖರೇ ಬರದ್ರ ಸಹಿ ಮಾಡಲ್ಲ ಮಾಮಾ. ದಿನಾ ಅದೇ ನೆಪ ಅಂತ ಬೈತಾರ. ಅದಕ್ಕೇ ಇವರೆಲ್ಲ ಹಿಂಗ ಬರೀತಾರ."

"ಮತ್ತ ನೀ?"

"ನನಗೆಲ್ಲಿ ಹೊಟ್ಟಿ ನೋಯಾಕತ್ತದ?"

ಹನ್ನೊಂದು ಮೂವತ್ತೈದಕ್ಕೆ ಕಾರು ಬಂತು. ಮಕ್ಕಳು ಒಂದೇ ದನಿಯಲ್ಲಿ ಗುಡ್ ಮಾರ್ನಿಂಗ್ ಅಂದರು. ಸಾಹೇಬರು ನಿಂತಲ್ಲೇ ಸಮಯಪಾಲನೆಯ ಮೇಲೆ ಭಾಷಣ ಬಿಗಿದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆಮೇಲೆ ಕೋಣೆಯೊಳಗೆ ಜ್ವರ, ಹೊಟ್ಟೆನೋವು, ಅಜ್ಜಿಯ ಸಾವು, ಎಲ್ಲದಕ್ಕೂ ಸಹಿ ಬಿತ್ತು. ಭಾಗ್ಯಳ ಚೀಟಿ ಮಾತ್ರ ಪಕ್ಕಕ್ಕೆ ಹೋಯಿತು.

"ಗಾಡಿ ಖರೇನೇ ತಡ ಆಗಿತ್ರಿ ಸರ್, ನಾನೇ ನೋಡೀನಿ," ಅಂದೆ.

"ನಿಮ್ಮಂಥ ಪಾಲಕರು ಇರೂದಕ್ಕೇ ಮಕ್ಕಳಿಗೆ ಶಿಸ್ತಿಲ್ಲ ನೋಡ್ರಿ. ಈಕಿ ಹಾಜರಿ ಭಾಳ ಕಮ್ಮಿ ಅದ. ಹಿಂಗೇ ಆದ್ರ ಹಾಲ್ ಟಿಕೆಟ್ ಸಿಗೂದಿಲ್ಲ."

ಸರ್, ನಿಮ್ಮ ಚೀಟಿಗೆ ಯಾರು ಸಹಿ ಹಾಕುತ್ತಾರೆ? ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಹುಡುಗಿಯ ಪರೀಕ್ಷೆ ಅವರ ಪೆನ್ನಿನ ತುದಿಯಲ್ಲಿರುವಾಗ ಶೌರ್ಯ ತೋರಿಸುವುದು ಹೇಗೆ?

ಸಿಟ್ಟು ಈಗಲೂ ಇಳಿದಿಲ್ಲ. ಈ ಕಾಲದ ಮಕ್ಕಳು ಮಾತು ಕೇಳುವುದಿಲ್ಲ ಎಂದು ಇಂಥ ಸಾಹೇಬರು ಎಲ್ಲ ಮೀಟಿಂಗುಗಳಲ್ಲೂ ಗೋಳಾಡುತ್ತಾರೆ. ಕೇಳುತ್ತಾರೆ ಸ್ವಾಮಿ, ಚೆನ್ನಾಗಿ ಕೇಳುತ್ತಾರೆ. ನೀವು ಬಾಯಲ್ಲಿ ಹೇಳಿದ್ದನ್ನಲ್ಲ, ಮಾಡಿ ತೋರಿಸಿದ್ದನ್ನು. ಆ ಸಾಲಿನಲ್ಲಿ ನಿಂತ ಒಂದು ಮಗುವೂ ಬೇಗ ಬರುವುದನ್ನು ಕಲಿತಿಲ್ಲ. ಯಾವ ಸುಳ್ಳಿಗೆ ಬೇಗ ಸಹಿ ಬೀಳುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಕಲಿತಿದ್ದಾರೆ.

ಇಲ್ಲಿ ಅವರನ್ನು ಇಷ್ಟು ಬೈಯುವ ನಾನು ಅವತ್ತು ಏನು ಮಾಡಿದೆ ಗೊತ್ತೆ? ಹೊರಗೆ ಬಂದು ಭಾಗ್ಯಳ ಕೈಗೆ ಹೊಸ ಚೀಟಿ ಕೊಟ್ಟೆ. "ಹೊಟ್ಟಿನೋವು ಅಂತ ಬರಿ," ಅಂದೆ. ಹೌದು, ನಾನೇ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬರೆದಳು. ಸಾಹೇಬರು ತಲೆ ಎತ್ತದೆ ಸಹಿ ಹಾಕಿದರು.

ಸಂಜೆ ಗಾಡಿ ಹತ್ತಿಸಲು ಹೋದೆ. ಕಿಟಕಿಯ ಪಕ್ಕ ಕೂತವಳು ಮೆಲ್ಲಗೆ ಕೇಳಿದಳು:

"ಮಾಮಾ, ನಾಳಿಗಿ ಏನ್ ಬರೀಲಿ?"