ದಿನವೂ ಕೈ ಕೇಳುವ ಹವಳ

ಶಾಲೆಗೆ ಬೇಸಗೆ ರಜೆ ಸಿಕ್ಕಿದ ಕೂಡಲೇ ನಾನೂ ಮಗಳೂ ಕುವೈತ್ ಬಿಟ್ಟು ಮಂಗಳೂರಿಗೆ ಹೋಗಿಬಿಡುವುದೆಂದು ಆಯಿತು. ನಾವು ಮಾಡಿದ ತೀರ್ಮಾನವಲ್ಲ ಅದು. ಇವರು ಕೆಲಸಕ್ಕಿದ್ದ ಸಬ್ಹಾನಿನ ಗೋದಾಮಿಗೆ ಹೊಸ ಯಜಮಾನ ಬಂದು ಎಲ್ಲರ ಸಂಬಳ ಇಳಿಸಿದ. ಇಳಿದ ಸಂಬಳಕ್ಕೆ ಹೆಂಡತಿ ಮಕ್ಕಳ ಇಕಾಮಾ, ಅಂದರೆ ಅಲ್ಲಿ ಇರಲಿಕ್ಕೆ ಬೇಕಾದ ಪರವಾನಗಿ, ಮತ್ತೆ ಸಿಗುವಂತಿರಲಿಲ್ಲ. ಬಾಡಿಗೆ ಕಂಪನಿಯದ್ದಾದ್ದರಿಂದ ಫಿಂಟಾಸಿನ ಆರನೇ ಮಹಡಿಯ ಮನೆ ಉಳಿಯಿತು. ಅದರಲ್ಲಿ ಇವರೊಬ್ಬರೇ.

ಹೋಗುವ ದುಃಖವನ್ನು ಹೇಗಾದರೂ ನುಂಗಬಹುದಿತ್ತು. ಇವರನ್ನು ಬಿಟ್ಟುಹೋಗುವ ಹೆದರಿಕೆಯನ್ನು ನುಂಗಲಾಗಲಿಲ್ಲ.

ಚಹಾದ ಮೇಲೆ ಕೆನೆ ಕಟ್ಟಿದರೆ ಲೋಟವನ್ನೇ ದೂರ ತಳ್ಳುವ ಮನುಷ್ಯ, ಈಗ ಕೆನೆಸಹಿತ ತಣ್ಣಗಿನ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಮುಗಿಸುತ್ತಿದ್ದರು. ಕೆಲಸದಿಂದ ಬಂದು ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ ಕುಳಿತೇ ಇರುತ್ತಿದ್ದರು. ಊರಿನ ಕಪಾಟಿನ ಕೀಲಿಕೈ ಯಾವುದು, ಬ್ಯಾಂಕಿನಲ್ಲಿ ಯಾರನ್ನು ಕೇಳಬೇಕು ಎಂದು ನಾನು ಕೇಳದೆಯೇ ಹೇಳಿದರು, ಎರಡು ದಿನ ಬಿಟ್ಟು ಅದನ್ನೇ ಮತ್ತೆ ಹೇಳಿದರು. ಒಂದು ಸಂಜೆ ಬಾಲ್ಕನಿಯ ಸರಳು ಹಿಡಿದು ಕೆಳಗೆ ನೋಡುತ್ತಾ, "ನೀವು ಹೋದ ಮೇಲೆ ಬೆಳಿಗ್ಗೆ ಯಾರಿಗೆ ಬೇಕಾಗಿ ಏಳುವುದು, ಹೇಳು?" ಎಂದರು. ಬಟ್ಟೆ ಒಣಹಾಕುತ್ತಿದ್ದ ನನ್ನ ಬಾಯಲ್ಲಿ ಕ್ಲಿಪ್ ಇತ್ತು. ಆ ದಿನವೇ ಬಾಲ್ಕನಿಗೆ ಬೀಗ ಹಾಕಿ ಕೀಲಿಕೈಯನ್ನು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟೆ. ಬಟ್ಟೆಗಳು ಹಾಲ್‌ನಲ್ಲಿ ಕುರ್ಚಿಗಳ ಬೆನ್ನಿನ ಮೇಲೆ ಒಣಗತೊಡಗಿದವು. ಯಾಕೆ ಎಂದು ಇವರು ಕೇಳಲಿಲ್ಲ. ಕೇಳದೇ ಇದ್ದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು.

"ಡಾಕ್ಟರರ ಹತ್ತಿರ ಹೋಗುವನಾ?" ಎಂದೆ.

"ಯಾವ ಡಾಕ್ಟರು? ತಲೆಯ ಡಾಕ್ಟರಾ? ಕಂಪನಿಗೆ ಗೊತ್ತಾದರೆ ಇದ್ದದ್ದೂ ಖಲಾಸ್. ಸುಮ್ಮನಿರು ಮಾರಾಯ್ತಿ."

ಹಾಲ್‌ನ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಎದುರು ಮನೆಯ ಈಜಿಪ್ಟಿನವರು ದೇಶ ಬಿಡುವಾಗ ನಮಗೆ ದಾಟಿಸಿ ಹೋದದ್ದು. ಉಪ್ಪುನೀರು, ಒಂದಿಷ್ಟು ಕಲ್ಲು, ಕಿತ್ತಳೆ ಬಣ್ಣದ ಎರಡು ಮೀನು. ಎಸಿ ಗಾಳಿಗೆ ಅದರ ನೀರು ದಿನವೂ ಆರುತ್ತದೆ. ತುಂಬಿಸುವುದು ಇವರ ಕೆಲಸವಾಗಿತ್ತು, ಈಚೆಗೆ ಅದೂ ನಿಂತಿತ್ತು. ಗಾಜಿನ ಮೇಲೆ ಉಪ್ಪಿನ ಬಿಳಿ ಗೆರೆ ಬಿಟ್ಟು ನೀರು ಎರಡು ಬೆರಳು ಇಳಿದದ್ದನ್ನು ನಾನು ಕಂಡೂ ಮುಟ್ಟಲಿಲ್ಲ. ಯಾಕೋ ನೋಡೋಣ ಅನಿಸಿತು. ಮರುಸಂಜೆ ಇವರು ಅದರ ಮುಂದೆ ಹಾದುಹೋದವರು ನಿಂತರು, ಹಿಂದೆ ಬಂದರು, ಒಂದೇ ಶೂವಿನಲ್ಲಿ ಅಡುಗೆಮನೆಗೆ ಹೋಗಿ ಬಕೆಟ್ಟು ತಂದರು. ಆ ವಾರವಿಡೀ ಯಾರೂ ಹೇಳದೆ ಇವರು ಮಾಡಿದ ಕೆಲಸ ಅದೊಂದೇ.

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ನಾನು ಆ ಬಕೆಟ್ಟನ್ನು ಹಿಡಿದುಕೊಂಡೆ.

ಮಗಳನ್ನು ಕರೆದುಕೊಂಡು ಹತ್ತಿರದ ಎಗೈಲಾದ ಸಾಕುಮೀನಿನ ಅಂಗಡಿಗೆ ಹೋದೆ. ಅಂಗಡಿಯವ ಮಲಯಾಳಿ. ಅವನ ಹಿಂದಿ ಅರ್ಧ ಮಲಯಾಳ, ನನ್ನ ಹಿಂದಿ ಅರ್ಧ ತುಳು, ಹೇಗೋ ಸಾಗುತ್ತಿತ್ತು. ನಾನು ಅವನಿಗೆ ಚೇಚಿ, ಅಕ್ಕ. ಹವಳ ಬೇಕು, ಗಟ್ಟಿ ಜೀವದ್ದು ಬೇಕು ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹವಳವೆಂದರೆ ಪ್ರಾಣಿ ಎಂದಾಗ ನಾನು ನಂಬಿರಲಿಲ್ಲ. ನಮ್ಮ ಮನೆಯಲ್ಲಿ ಹವಳವೆಂದರೆ ಕುಜದೋಷಕ್ಕೆ ಹಾಕುವ ಉಂಗುರ. ಇಲ್ಲಿ ನೀಲಿ ದೀಪದ ಕೆಳಗೆ ಅವು ಉಸಿರಾಡುವಂತೆ ಉಬ್ಬಿಕೊಂಡು ಕುಳಿತಿದ್ದವು.

ಅವನು ಮೊದಲು ತೋರಿಸಿದ್ದು ಅಣಬೆಯಂಥ ಮೆತ್ತಗಿನ ಹವಳ. "ಚೇಚಿ, ಇದಕ್ಕೆ ಎಲುಬೇ ಇಲ್ಲ, ಏನೂ ಬೇಕಾಗಿಯೂ ಇಲ್ಲ. ಕೊಲ್ಲಬೇಕೆಂದರೂ ಸಾಯುವುದಿಲ್ಲ. ನೀವು ಊರಿಗೆ ಹೋಗಿ ಬಂದರೂ ಇದಕ್ಕೆ ಗೊತ್ತೇ ಆಗುವುದಿಲ್ಲ."

"ಗೊತ್ತೇ ಆಗದ್ದು ಬೇಡ."

ಅವನು ನನ್ನ ಮುಖ ನೋಡಿ, ಜಿಂಕೆಯ ಕೊಂಬಿನ ಹಾಗೆ ಕವಲೊಡೆದ, ತುದಿಯಲ್ಲಿ ನೇರಳೆ ಬಣ್ಣದ ಕಲ್ಲುಹವಳದ ಕಡೆ ಕೈ ಮಾಡಿದ. ಚಂದವೆಂದರೆ ಚಂದ. "ಇದು ಮದುಮಗಳು. ನೀರು ಸ್ವಲ್ಪ ಹೆಚ್ಚುಕಡಿಮೆಯಾದರೆ ಬೆಳಿಗ್ಗೆಗೆ ಬಿಳೀ ಎಲುಬು."

ಇವರು ಒಂದು ಬೆಳಿಗ್ಗೆ ಒಬ್ಬರೇ ಎದ್ದು ಇದನ್ನು ನೋಡುವುದು ಬೇಡವೇ ಬೇಡ. "ಸಾಯಬಾರದು," ಎಂದೆ. "ಒಂದು ದಿನ ಮರೆತರೆ, ಎರಡು ದಿನ ಮರೆತರೆ ಕ್ಷಮಿಸಬೇಕು. ಆದರೆ ದಿನವೂ ಯಾರಾದರೂ ನೋಡಲೇಬೇಕು. ನೋಡದಿದ್ದರೆ ಮೆಲ್ಲ ಸೊರಗಬೇಕು, ಸೊರಗಿದ್ದು ಕಣ್ಣಿಗೆ ಕಾಣಬೇಕು."

"ಚೇಚಿಗೆ ಬೇಕಾದದ್ದು ಹವಳವಾ, ಅತ್ತೆಯಾ?"

ಮಗಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ನೋಡಿದನೋ ಏನೋ, ಅವನು ತಮಾಷೆ ಬಿಟ್ಟು ಒಳಗಿನ ತೊಟ್ಟಿಯ ಕಡೆ ನಡೆದ. ಕಲ್ಲುಹವಳದಲ್ಲೇ ಗಟ್ಟಿಯವು ಅಲ್ಲಿದ್ದವು. ಮೆದುಳಿನ ಹಾಗೆ ಸುರುಳಿ ಸುರುಳಿಯಾದದ್ದು ಒಂದು. ತುತ್ತೂರಿಗಳ ಗೊಂಚಲಿನಂತಿದ್ದು, ಪ್ರತಿ ಬಾಯಿಯ ನಡುವೆ ಹಸಿರು ಬೊಟ್ಟಿಟ್ಟಂಥದ್ದು ಇನ್ನೊಂದು. ಮಣ್ಣಿನ ಬೋಗುಣಿಯ ಆಕಾರದ್ದು ಮೂರನೆಯದು. ಇವು ತಮ್ಮ ಎಲುಬನ್ನು ತಾವೇ ಕಟ್ಟಿಕೊಳ್ಳುತ್ತವೆ, ಅದಕ್ಕೆ ಸುಣ್ಣ ಬೇಕು. ಆರಿದ ನೀರಿನ ಬದಲಿಗೆ ದಿನವೂ ಸುಣ್ಣದ ತಿಳಿನೀರನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ಒಮ್ಮೆಲೇ ಸುರಿದರೆ ಮೀನು ಸಾಯುತ್ತದೆ ಎಂದ.

"ಎಷ್ಟು ಹೊತ್ತು ಹಿಡಿಯುತ್ತದೆ?"

"ತುಂಬಾ ಹೊತ್ತು, ಚೇಚಿ. ಬೇಜಾರಿನ ಕೆಲಸ."

ಅಷ್ಟು ಹೊತ್ತು ಒಬ್ಬ ಮನುಷ್ಯ ಒಂದು ಕುರ್ಚಿಯಲ್ಲಿ ಕುಳಿತಿರಬೇಕಲ್ಲ. ಮೂರನ್ನೂ ಕಟ್ಟಿಕೊಡಿ ಎಂದೆ.

ಮನೆಗೆ ತಂದಾಗ ಇವರಿಗೆ ಸಿಟ್ಟೂ ಬರಲಿಲ್ಲ. ಪ್ಲಾಸ್ಟಿಕ್ ಚೀಲಗಳನ್ನು ಸುಮ್ಮನೆ ನೋಡಿ, "ಹೋಗುವ ಹೊತ್ತಿಗೆ ಎಂತಕ್ಕೆ ಇದು?" ಎಂದಷ್ಟೇ ಕೇಳಿದರು.

"ಚಂದ ಕಂಡಿತು," ಎಂದೆ. ಮಗಳು, "ಪಪ್ಪಾ, ದೇ ಈಟ್ ಸುಣ್ಣ, ಲೈಕ್ ಅಜ್ಜಿ!" ಎಂದಳು. ಇವರ ತುಟಿಯ ಒಂದು ಮೂಲೆ ಅಲುಗಿತು. ನಾನು ಅದನ್ನು ಕಂಡೆ.

ಹೋಗುವ ಹಿಂದಿನ ದಿನ ಕೆಳಗಿನ ಮಹಡಿಯ ಇವರ ಗೆಳೆಯ ಬಂದರು. ಉಡುಪಿ ಕಡೆಯವರು, ಹೋಟೆಲಿನಲ್ಲಿ ಮ್ಯಾನೇಜರು, ಒಂಟಿ. ತೊಟ್ಟಿಯನ್ನು ಬಗ್ಗಿ ನೋಡಿ, "ಎಂತ ಅತ್ತಿಗೆ, ಗಂಡನನ್ನು ಕಾಯ್ಲಿಕ್ಕೆ ಕಲ್ಲು ಇಟ್ಟು ಹೋಗ್ತೀರಾ? ನಾನು ಕಲ್ಲಿಗಿಂತ ಕಡೆಯಾ?" ಎಂದರು.

ಇವರು ಸ್ನಾನಕ್ಕೆ ಹೋಗಿದ್ದರು. ನಾನು ಅಕ್ಕಿ ಡಬ್ಬದಿಂದ ಕೀಲಿಕೈ ತೆಗೆದು ಅವರ ಅಂಗೈಯಲ್ಲಿಟ್ಟೆ. "ಇದು ಬಾಲ್ಕನಿಯದ್ದು. ನಿಮ್ಮ ಹತ್ತಿರವೇ ಇರಲಿ. ಇವರು ಕೇಳಿದರೂ ಕೊಡಬೇಡಿ."

ಅವರ ನಗು ಅಲ್ಲೇ ನಿಂತಿತು. ಕೀಲಿಕೈಗೆ ಅಂಟಿದ್ದ ಅಕ್ಕಿಹುಡಿಯನ್ನು ಹೆಬ್ಬೆರಳಿನಿಂದ ಒರೆಸಿ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ದಿನವೂ ಬರ್ತೇನೆ ಅತ್ತಿಗೆ," ಎಂದರು.

ಮಂಗಳೂರಿನಲ್ಲಿ ನನ್ನ ದಿನವೆಂದರೆ ಫೋನಿಗೆ ಕಾಯುವುದು. ಸಂಜೆ ಇವರು ಮಾಡುತ್ತಿದ್ದರು. "ಊಟ ಆಯ್ತಾ?" "ಆಯ್ತು." "ಎಂತ ಮಾಡಿದ್ದು?" "ಏನೋ." ಹವಳ ಹೇಗಿವೆ ಎಂದರೆ ಮಾತ್ರ ನಾಲ್ಕು ಮಾತು ಹೆಚ್ಚು: ಸುರುಳಿಯದ್ದು ದೀಪ ಆರಿದ ಮೇಲೆ ಎಳೆಗಳನ್ನು ಚಾಚಿ ಪಕ್ಕದ್ದನ್ನು ಸುಡುತ್ತದೆ, ದೂರ ಇಟ್ಟಿದ್ದೇನೆ. ತುತ್ತೂರಿಯಲ್ಲಿ ಒಂದು ಬಾಯಿ ಎರಡಾಗುತ್ತಾ ಇರುವ ಹಾಗೆ ಕಾಣುತ್ತದೆ. ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡು ಮಾತಿನ ಹಿಂದಿನ ಉಸಿರನ್ನು ಕೇಳುತ್ತಿದ್ದೆ. ಫೋನು ಸ್ವಲ್ಪ ತಡವಾದರೂ ಗಡಿಯಾರದ ಮುಂದೆ ಹೋಗಿ ನಿಲ್ಲುತ್ತಿದ್ದೆ. ತೊಟ್ಟಿಯನ್ನು ನಂಬಿ ಬಂದದ್ದು ಎಂಥ ಮರುಳು ಎಂದು ನನ್ನನ್ನೇ ಬೈದುಕೊಂಡ ದಿನಗಳು ಲೆಕ್ಕವಿಲ್ಲ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಮಧ್ಯಾಹ್ನ ಎಂದೂ ಬಾರದ್ದು.

"ಕೇಳ್ತದಾ? ನಿನ್ನೆಯಿಂದ ಬಿಲ್ಡಿಂಗಿನಲ್ಲಿ ಕರೆಂಟಿಲ್ಲ. ನೀರು ಬಿಸಿಯಾಗಿದೆ ಮಾರಾಯ್ತಿ. ಬೋಗುಣಿಯ ಅಂಚು ಬೆಳ್ಳಗಾಗ್ತಾ ಉಂಟು!" ಇವರ ಸ್ವರ ಅಷ್ಟು ಜೋರಾಗಿ ಕೇಳದೆ ಎಷ್ಟು ಕಾಲವಾಗಿತ್ತೋ.

"ಕೆಲಸಕ್ಕೆ?"

"ಹೋಗಲಿಕ್ಕಾಗ್ತದಾ? ಹೋಟೆಲಿನಿಂದ ಐಸು ತರಿಸಿದ್ದೇನೆ. ಬಾಟಲಿಯಲ್ಲಿ ತುಂಬಿಸಿ ತೇಲಿಬಿಡುವುದು, ಕರಗಿದ ಹಾಗೆ ಬದಲಿಸುವುದು. ಬೆಳಿಗ್ಗೆ ಎಗೈಲಾಕ್ಕೆ ಓಡಿ ಬ್ಯಾಟರಿಯ ಪಂಪ್ ತಂದೆ. ಅಂಗಡಿಯವ ಮೊದಲು ಮೆತ್ತಗಿನದ್ದು ತೋರಿಸಿದನಂತೆ, ನೀನೇ ಬೇಡ ಅಂದೆಯಂತೆ! ನಿನಗೆ ಬುದ್ಧಿ ಉಂಟಾ? ಮನುಷ್ಯ ಇಲ್ಲದಾಗ ಸಾಯುವಂಥದ್ದನ್ನು ಯಾರಾದರೂ ತರ್ತಾರಾ?"

ಹಿಂದಿನಿಂದ ಗೆಳೆಯ ಕೂಗಿದ್ದು ಕೇಳಿಸಿತು: "ಅತ್ತಿಗೆಗೆ ಆಮೇಲೆ ಬೈಯಿರಿ ಮಾರಾಯ್ರೇ, ಐಸು ನೀರಾಯ್ತು!"

"ಇಡ್ತೇನೆ," ಎಂದು ಇವರು ಫೋನ್ ಕಡಿದರು.

ಬೈದಿದ್ದರು. ಎಷ್ಟೋ ತಿಂಗಳ ಮೇಲೆ ನನ್ನನ್ನು ಬೈದಿದ್ದರು. ಆದರೂ ಎದೆ ಹಗುರಾಗಲಿಲ್ಲ. ಮೂರೂ ಸತ್ತರೆ? ಆ ಬಿಸಿ ಮನೆಯಲ್ಲಿ ಸತ್ತ ಕಲ್ಲುಗಳ ಮುಂದೆ ಇವರೊಬ್ಬರೇ ಕುಳಿತರೆ? ದೇವರ ಕೋಣೆಯಲ್ಲಿ ದೀಪ ಹಚ್ಚಿ ಮೂರು ಹವಳಗಳಿಗಾಗಿ ಕೈ ಮುಗಿದೆ. ನಗುವವರು ನಗಲಿ.

ಮರುದಿನ ಸಂಜೆಯ ಹೊತ್ತಿಗೇ ಫೋನು ಬಂತು. ಕರೆಂಟು ಬಂದಿತ್ತು. ಬೋಗುಣಿ ಉಳಿಯಲಿಲ್ಲ, ಮತ್ತೆರಡು ಉಳಿದಿವೆ ಎಂದರು. ಆ ಕಡೆಯಿಂದ ಪಂಪಿನ ಗುಳುಗುಳು ಕೇಳುತ್ತಿತ್ತು.

"ಆ ಜಾಗ ಖಾಲಿ ಕಾಣ್ತದೆ," ಎಂದರು. "ಶುಕ್ರವಾರ ರಜೆ ಅಲ್ವಾ, ಹೋಗಿ ಇನ್ನೊಂದು ನೋಡಿ ಬರ್ತೇನೆ. ನೀನು ಹೇಗೆ ಆರಿಸಿದ್ದು? ಗಟ್ಟಿ ಯಾವುದೆಂದು ಹೇಗೆ ಗೊತ್ತಾಗುವುದು?"

"ನಿನ್ನೆ ಮೊನ್ನೆ ಬಂದದ್ದು ಬೇಡ. ಅಂಗಡಿಯಲ್ಲೇ ಕೆಲವು ವಾರ ಬದುಕಿದ್ದು ಯಾವುದೆಂದು ಕೇಳಿ," ಎಂದೆ. ಅಂಗಡಿಯವ ಅಂದು ಹೇಳಿದ್ದನ್ನೇ ಒಪ್ಪಿಸಿದೆ. "ಮತ್ತೆ, ಎಲುಬಿನ ಅಂಚಿನವರೆಗೂ ಮಾಂಸ ಹಬ್ಬಿರಬೇಕು. ಎಲ್ಲಾದರೂ ಬಿಳಿ ಇಣುಕಿದರೆ—"

"ಒಂದು ನಿಮಿಷ ನಿಲ್ಲು," ಎಂದರು. "ಪೆನ್ನು ತರ್ತೇನೆ."